ಎದ್ದು ನಿಂತರೆ ತಲೆಯೇ ಕೊನೆ ಭಾಗ

ಹೋದ ಮೇ ತಿಂಗಳು. ಮಾಳಿಗೆ ಮೇಲೆ ಮಲಗಿದ್ದ ಅಪ್ಪ ಬೆಳಗ್ಗೆ ಹೊರಸಿನಿಂದ ಎದ್ದವನೇ ಕುಂಬಿ ಹಿಡಿದು ನಿಂತುಬಿಟ್ಟ. "ಏನಿಲ್ಲವ್ವಾ, ಕಣ್ಣಿಗೆ ಕತ್ತಲ ಬಂತು" ಅಂದ. ನನ್ನ ಎದೆ ಧಸಕ್ಕೆಂದಿತು.

ನಮ್ಮೂರು ಮಾನ್ವಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ, ಅಂದರೆ ನೀರು ಎಲ್ಲರಿಗಿಂತ ಕಡೆಗೆ ಮುಟ್ಟುವ ಜಾಗ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಅಪ್ಪನಿಗೆ ಹೇಳಲು ಕೂತಾಗ ಮಾತ್ರ ಪಾಠ ಬಿಟ್ಟು ಕಾಲುವೆಯೇ ಬಾಯಿಗೆ ಬಂತು.

ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ಹೃದಯ ನಿಮಿಷಕ್ಕೆ 70 ಸಲ, ಸಲಕ್ಕೆ 70 ಮಿಲಿಲೀಟರಿನಂತೆ ಅಷ್ಟನ್ನೂ ಒಂದೇ ನಿಮಿಷದಲ್ಲಿ ತಿರುಗಿಸುತ್ತದೆ. ಆದರೂ ಎಲ್ಲ ನಾಳಗಳನ್ನೂ ಒಟ್ಟಿಗೆ ತೆರೆದರೆ ಸಾಲುವುದಿಲ್ಲ. ಅದಕ್ಕೇ ಸಣ್ಣ ಅಪಧಮನಿಗಳು ತೂಬಿನ ಹಾಗೆ ಹಿಗ್ಗಿ ಕುಗ್ಗಿ ಹಂಚುತ್ತವೆ. ಉಂಡ ಮೇಲೆ ಹೊಟ್ಟೆಗೆ ಜಾಸ್ತಿ, ನಡೆಯುವಾಗ ಕಾಲಿಗೆ, ಬಿಸಿಲಲ್ಲಿ ಚರ್ಮಕ್ಕೆ.

ಮಲಗಿದ್ದಾಗ ತಲೆ, ಎದೆ, ಕಾಲು ಒಂದೇ ಮಟ್ಟ. ಎದ್ದು ನಿಂತರೆ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಆಗ ತಲೆಯೇ ಕೊನೆ ಭಾಗ.

"ಹಂಗಾದ್ರ ಗೇಜ್ ನೋಡೋರು ಯಾರು?" ಅಪ್ಪ ಕೇಳಿದ. ಗೇಜ್ ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಅಳತೆ. ಯಾವ ವಿದ್ಯಾರ್ಥಿಯೂ ನನಗೆ ಇಷ್ಟು ಸರಿಯಾದ ಪ್ರಶ್ನೆ ಕೇಳಿಲ್ಲ.

ಗೇಜ್ ಇರುವುದು ಕುತ್ತಿಗೆಯಲ್ಲಿ, ದವಡೆಯ ಕೆಳಗೆ. ಇನ್ನೊಂದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲಿ. ನಾಳದ ಗೋಡೆ ಎಷ್ಟು ಹಿಗ್ಗಿದೆ ಎಂದು ಅಲ್ಲಿನ ನರದ ತುದಿಗಳು ಬಡಿತ ಬಡಿತಕ್ಕೂ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಒತ್ತಡ ಇಳಿಯಿತೋ, ಕಾಲು, ಹೊಟ್ಟೆಯ ನಾಳಗಳು ಬಿಗಿಯಾಗುತ್ತವೆ, ಹೃದಯದ ಓಟ ಹೆಚ್ಚುತ್ತದೆ. ಇಲ್ಲೊಂದು ಸಂಗತಿ ನನಗೆ ಬಹಳ ಇಷ್ಟ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಮೆದುಳಿನ ಬುಡದಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಹೋರಿಯ ಮೂಗುದಾರ ಜಗ್ಗಿದ ಹಾಗೆ ಹಗಲೂ ರಾತ್ರಿ ಹಿಡಿದು ಅದನ್ನು 70ರ ಹತ್ತಿರ ಇಟ್ಟಿರುತ್ತದೆ. ಎದ್ದು ನಿಂತಾಗ ಮೊದಲು ಸಡಿಲಾಗುವುದು ಈ ಹಗ್ಗವೇ. ನಂತರ ಬೇರೆ ನರಗಳು ಹೃದಯವನ್ನು ಹುರಿದುಂಬಿಸುತ್ತವೆ. ಇಷ್ಟೆಲ್ಲ ಕೆಲವೇ ಸೆಕೆಂಡಿನ ಕೆಲಸ.

ಅಪ್ಪನಿಗೆ 71. ವಯಸ್ಸಾದಂತೆ ಈ ಗೇಜ್ ಮಂದವಾಗುತ್ತದೆ. ಜೊತೆಗೆ ನಮ್ಮ ರಾಯಚೂರಿನ ಬಿಸಿಲು, ಬೆವರು. ಸಾಲದ್ದಕ್ಕೆ ಮೂತ್ರ ಜಾಸ್ತಿ ಮಾಡಿಸುವ ಬಿಪಿ ಗುಳಿಗೆ. ಕಾಲುವೆಗೇ ನೀರು ಕಡಿಮೆಯಾದಾಗ ತೂಬು ಎಷ್ಟು ತಿರುಗಿಸಿದರೇನು?

ಅಲ್ಲಿಯವರೆಗೆ ಅಪ್ಪನ ಬಿಪಿಯನ್ನು ಎಲ್ಲರೂ ಕುರ್ಚಿಯಲ್ಲಿ ಕೂರಿಸಿಯೇ ನೋಡಿದ್ದರು. ನಾನು ಮಲಗಿಸಿ ನೋಡಿದೆ, ನಿಲ್ಲಿಸಿ ನೋಡಿದೆ. ಮೇಲಿನ ಅಂಕಿ ಮಲಗಿದ್ದಾಗ 136, ನಿಂತಾಗ 108. ನಿಂತ 3 ನಿಮಿಷದೊಳಗೆ 20 ಇಳಿದರೂ ಡಾಕ್ಟರಿಗೆ ತೋರಿಸಬೇಕು. ತೋರಿಸಿದೆವು. ಅವರು ಗುಳಿಗೆ ಬದಲಿಸಿದರು.

ಈಗ ಅಪ್ಪ ಎಚ್ಚರವಾದ ಮೇಲೆ ಹೊರಸಿನ ಅಂಚಿಗೆ ಕೂರುತ್ತಾನೆ. ಒಂದು ಲೋಟ ನೀರು ಕುಡಿದು ಪಾದ ಮೇಲೆ ಕೆಳಗೆ ಆಡಿಸುತ್ತಾನೆ. ಮೀನಖಂಡ ಹಿಂಡಿದಾಗಲೆಲ್ಲ ಅಲ್ಲಿ ನಿಂತ ರಕ್ತ ಮೇಲೇರುತ್ತದೆ. ಅಭಿಧಮನಿಯೊಳಗಿನ ಕವಾಟಗಳು ಅದು ಹಿಂದಕ್ಕೆ ಬಾರದಂತೆ ತಡೆಯುತ್ತವೆ. ಆಮೇಲೆ ಕುತ್ತಿಗೆ ಮುಟ್ಟಿಕೊಂಡು "ಗೇಜ್ ಬಂತು, ಏಳ್ತೀನಿ" ಅನ್ನುತ್ತಾನೆ.