ಬಾಗಿದ ಕಲ್ಲು

ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿರುವುದು ಕಾಕತೀಯರ ಕಾಲದ, 1294ರ ಶಾಸನ. ಮಾಮೂಲಿ ಕ್ಯಾಮೆರಾದ ಚೌಕಟ್ಟಿನಲ್ಲಿ ಅದನ್ನು ಪೂರ್ತಿ ಹಿಡಿಯಲು ದೂರ ಸರಿದಷ್ಟೂ ಅಕ್ಷರಗಳು ಇರುವೆಸಾಲಾಗುತ್ತವೆ. ಹೀಗಾಗಿ, ಹಳೆಯ ರಷ್ಯನ್ ಹೊರೈಜಾನ್ 202 ಕ್ಯಾಮೆರಾ ನನ್ನ ಕೈಸೇರಿದಾಗ ಮೊದಲು ನೆನಪಾದದ್ದೇ ಈ ಕಲ್ಲು.

ಈ ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸ್ ಒಂದು ಸಣ್ಣ ಉರುಳೆಯೊಳಗೆ ಕುಳಿತು, ಕ್ಲಿಕ್ಕಿಸಿದಾಗ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುತ್ತದೆ. ಹಿಂದೆ ಕಮಾನಿನಂತೆ ಬಾಗಿ ನಿಂತ ಫಿಲ್ಮಿನ ಮೇಲೆ ಕಿರಿದಾದ ಸೀಳಿನಿಂದ ಬೆಳಕನ್ನು ಸವರುತ್ತ ಹೋಗಿ 120 ಡಿಗ್ರಿ ನೋಟವನ್ನು ತುಂಬಿಕೊಳ್ಳುತ್ತದೆ. 36 ಚಿತ್ರಗಳ ರೋಲಿನಲ್ಲಿ ಸಿಗುವುದು 22 ಚಿತ್ರಗಳಷ್ಟೇ. ಅವುಗಳಲ್ಲಿ ನಾಲ್ಕರ ಅಂಚಿನಲ್ಲಿ ನನ್ನ ಬೆರಳುಗಳೂ ಬಂದಿದ್ದವು, ಆ ಮಾತು ಬೇರೆ.

ಬೇಸಿಗೆಯಾದ್ದರಿಂದ ನಲ್ಲಿಯ ನೀರು ಡೆವಲಪ್ ಮಾಡಲಾಗದಷ್ಟು ಬೆಚ್ಚಗಿತ್ತು. ಹರವಿಯ ನೀರಿಗೆ ಮಂಜುಗಡ್ಡೆ ಹಾಕಿ 20 ಡಿಗ್ರಿಗೆ ಇಳಿಸಿ ಫಿಲ್ಮ್ ತೊಳೆದೆ. ಪ್ರಿಂಟಿಗೆ ಹೋದದ್ದು ಊರಿನ ಹಳೆಯ ಸ್ಟುಡಿಯೊ ಒಂದಕ್ಕೆ, ಡಾರ್ಕ್‌ರೂಮನ್ನು ಇನ್ನೂ ಮುಚ್ಚದ ಹಿರಿಯರೊಬ್ಬರ ಬಳಿಗೆ. ನೆಗೆಟಿವನ್ನು ಬೆಳಕಿಗೆ ಹಿಡಿದವರೇ ನಕ್ಕರು: “ಏನ್ರಿ ಸರ, ಏಳ್ನೂರು ವರ್ಷ ಬಗ್ಗಲಾರದ ಕಲ್ಲನ್ನ ನೀವು ಬಗ್ಗಿಸಿಬಿಟ್ರಲ್ಲ!”

ನಿಜವಾಗಿಯೂ ಕಲ್ಲು ಬಿಲ್ಲಿನಂತೆ ಬಾಗಿತ್ತು. ಎದುರಿನ ನಡುಭಾಗ ಲೆನ್ಸಿಗೆ ಹತ್ತಿರ, ತುದಿಗಳು ದೂರ. ತಿರುಗುವ ಲೆನ್ಸು ನಡುವನ್ನು ದೊಡ್ಡದಾಗಿಯೂ ತುದಿಗಳನ್ನು ಸಣ್ಣದಾಗಿಯೂ ಬರೆಯುವುದರಿಂದ ನೆಟ್ಟನೆಯ ಗೋಡೆ ಉಬ್ಬಿದಂತೆ ಕಾಣುತ್ತದೆ. ಇದು ನನಗೆ ಮೊದಲೇ ತಿಳಿದಿದ್ದರೂ ಕಣ್ಣಾರೆ ಕಂಡಾಗ ಬೇಸರವಾಯಿತು.

58 ಮಿ.ಮೀ. ಉದ್ದದ ಆ ನೆಗೆಟಿವ್ ಪ್ರಿಂಟ್ ಹಿಗ್ಗಿಸುವ ಯಂತ್ರದಲ್ಲಿ ನೆಗೆಟಿವನ್ನು ಹಿಡಿದಿಡುವ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಲ್ಲಿ, ಅಂದರೆ ಕ್ಯಾರಿಯರಿನಲ್ಲಿ, ಕೂರುವಂತಿರಲಿಲ್ಲ. ಅವರು ‘120’ ಎಂಬ ಅಗಲ ಫಿಲ್ಮಿನ ಕಾಲದ ಕ್ಯಾರಿಯರೊಂದನ್ನು ಹುಡುಕಿ ತೆಗೆದರೂ ಅದರ ಕಿಂಡಿ 56 ಮಿ.ಮೀ. ಮಾತ್ರ ಇತ್ತು. ಮಾತಿಲ್ಲದೆ ಅರ ತಂದು ಎರಡೂ ಬದಿ ಒಂದೊಂದು ಮಿ.ಮೀ. ಉಜ್ಜಿದರು. ಎಂಟೂವರೆ ಪಟ್ಟು ಹಿಗ್ಗಿಸಿದಾಗ ಚಿತ್ರ 16×20 ಇಂಚಿನ ಫೈಬರ್ ಕಾಗದದಲ್ಲಿ ಸರಿಯಾಗಿ ಕೂತಿತು.

ಮರುದಿನ ಹೋದಾಗ ರಾಯಚೂರಿನ ಒಣಹವೆಯಲ್ಲಿ ಪ್ರಿಂಟು ಚಿತ್ರವನ್ನು ಒಳಗಿಟ್ಟುಕೊಂಡು ಸುರುಳಿಯಾಗತೊಡಗಿತ್ತು. ಅದರ ಮೇಲೆ ಹೇರಲು ಅವರು ಹಳೆಯ ಲೆಕ್ಕದ ಪುಸ್ತಕಗಳನ್ನು ಎತ್ತಿಕೊಂಡಿದ್ದರು. “ತಡೀರಿ ಅಜ್ಜಾರ” ಎಂದೆ. ಫಿಲ್ಮು ಬಾಗಿದ್ದು ಲೆನ್ಸಿನ 28 ಮಿ.ಮೀ. ದೂರಕ್ಕೆ ತಕ್ಕಂತೆ, ಎಂಟೂವರೆ ಪಟ್ಟಿಗೆ ಅದು ಸುಮಾರು 24 ಸೆಂ.ಮೀ. ಆಗುತ್ತದೆ. ಕಾಗದವನ್ನು ಅಷ್ಟೇ ಅಳತೆಯ ಕಮಾನಾಗಿ ಹಿಡಿದು, ಅದರ ಕೇಂದ್ರದಲ್ಲಿ ಒಂದು ಕಣ್ಣಿಟ್ಟು ನೋಡಿದೆ. ಕಲ್ಲು ನೆಟ್ಟಗಿತ್ತು.

ಅವರಿಗೆ ಕೊಟ್ಟೆ. ಅಷ್ಟು ಹತ್ತಿರದಿಂದ ಅವರಿಗೆ ಏನೂ ಕಾಣಲಿಲ್ಲ. ನೆಗೆಟಿವ್ ತಿದ್ದುವಾಗ ಹಾಕುತ್ತಿದ್ದ ದಪ್ಪ ಕನ್ನಡಕವನ್ನು ಡ್ರಾಯರಿನಿಂದ ಹುಡುಕಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಕಾಗದದೊಳಗೆ ಮುಖವಿಟ್ಟರು. ಲೆಕ್ಕದ ಪುಸ್ತಕಗಳು ನೆಲದ ಮೇಲೆಯೇ ಉಳಿದವು.