ನಂದಲಾಲರ ಗೋಡೆ

ಬೋಲ್ಪುರದಲ್ಲಿ ರೈಲಿಳಿದು ಟೋಟೋ ಹತ್ತಿದೆ. ಬ್ಯಾಟರಿ ರಿಕ್ಷಾಕ್ಕೆ ಬಂಗಾಳದಲ್ಲಿ ಅದೇ ಹೆಸರು. "ನಾಳೆ ಬುಧವಾರ ದೀದಿ, ಶಾಂತಿನಿಕೇತನಕ್ಕೆ ರಜೆ. ನೋಡೋದನ್ನೆಲ್ಲ ಇವತ್ತೇ ನೋಡಿಬಿಡಿ" ಎಂದ, ಓಡಿಸುತ್ತಿದ್ದ ಹುಡುಗ. ನಾನು ಅಷ್ಟು ದೂರ ಹೋದದ್ದು ಒಂದು ಗೋಡೆಗಾಗಿ.

ಮೊದಲು ಸಿಕ್ಕಿದ್ದು ಶ್ಯಾಮಲಿ. ಕೊನೆಗಾಲಕ್ಕೆ ಮಣ್ಣಿನ ಮನೆಯೇ ಬೇಕೆಂದು ರವೀಂದ್ರನಾಥ ಠಾಕೂರರು 1935ರಲ್ಲಿ ಕಟ್ಟಿಸಿಕೊಂಡದ್ದು. ಅದರ ಗೋಡೆಗಳಿಗೆ ಉಬ್ಬುಚಿತ್ರ ಮೂಡಿಸಿದವರು ಚಿತ್ರಕಾರ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನದ ಅವರ ಶಿಷ್ಯರು. ಇಳಿಬಿಸಿಲಿಗೆ ಪ್ರತಿ ಉಬ್ಬಿನ ಪಕ್ಕವೂ ತೆಳ್ಳನೆಯ ನೆರಳು ಬಿದ್ದಿತ್ತು. ಜಗಲಿ ಸಾರಿಸುತ್ತಿದ್ದ ನನ್ನಜ್ಜಿಯ ಕೈ ನೆನಪಾಯಿತು.

ಕವಿಗೂ ಕಲಾವಿದನಿಗೂ 21 ವರ್ಷಗಳ ಅಂತರ. 1909ರಲ್ಲಿ ಕವಿಯ 'ಚಯನಿಕಾ' ಸಂಕಲನಕ್ಕೆ ಚಿತ್ರ ಬರೆದಾಗ ನಂದಲಾಲ್ ಇನ್ನೂ ಕಲ್ಕತ್ತೆಯಲ್ಲಿದ್ದರು, ಕವಿಯ ಅಣ್ಣನ ಮಗ, ಚಿತ್ರಕಾರ ಅವನೀಂದ್ರನಾಥರ ಶಿಷ್ಯರಾಗಿ. ನಮ್ಮ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರೂ ಕಲಿತದ್ದು ಅದೇ ಗುರುವಿನ ಬಳಿ. ಆಮೇಲೆ ಕಲಾಭವನದ ಹೊಣೆ, 1924ರಲ್ಲಿ ಕವಿಯ ಜೊತೆ ಚೀನಾ, ಜಪಾನ್ ಯಾತ್ರೆ. 1933ರ 'ವಿಚಿತ್ರಿತಾ'ದಲ್ಲಂತೂ ಚಿತ್ರಗಳೇ ಮೊದಲು, ಅವನ್ನು ನೋಡಿ ಕವಿ ಬರೆದದ್ದು ಆಮೇಲೆ. ಆ ಪುಸ್ತಕವನ್ನು ನಂದಲಾಲರಿಗೆ ಅರ್ಪಿಸುತ್ತ ಐವತ್ತರ ಅವರನ್ನು ಕಿಶೋರನೆಂದೂ ಎಪ್ಪತ್ತರ ತನ್ನನ್ನು ಯುವಕನೆಂದೂ ಕರೆದುಕೊಂಡಿದ್ದಾರೆ. ಗುರುದೇವ ಎಂದು ಕೈಮುಗಿಯುವವನನ್ನು ಹೀಗೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಕ್ಕರೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಚೀನೀ ಭಾಷೆ, ಸಂಸ್ಕೃತಿ ಕಲಿಸುವ ಅಲ್ಲಿನ ಚೀನಾ ಭವನದಲ್ಲಿ ಕೇಳಿಕೊಂಡು ಒಳಗೆ ಹೋದೆ. ಗೋಡೆಯ ಮೇಲೆ 'ನಟೀರ್ ಪೂಜಾ'. ರವೀಂದ್ರರು 1926ರಲ್ಲಿ ಬರೆದ ನಾಟಕ ಅದು. ಬುದ್ಧನ ಸ್ತೂಪಕ್ಕೆ ಅವಮಾನವಾಗಲೆಂದೇ ಅದರ ಮುಂದೆ ಕುಣಿಯಲು ಆಸ್ಥಾನದ ನರ್ತಕಿ ಶ್ರೀಮತಿಗೆ ಅಪ್ಪಣೆಯಾಗುತ್ತದೆ. ಅವಳು ಕುಣಿಯುತ್ತಲೇ ಒಂದೊಂದೇ ಆಭರಣ ಕಳಚುತ್ತಾಳೆ. ಕೊನೆಗೆ ಉಳಿಯುವುದು ಭಿಕ್ಷುಣಿಯ ಕಾವಿ. ಕುಣಿತವೇ ಪೂಜೆಯಾಗುತ್ತದೆ, ಅದಕ್ಕೆ ಪ್ರಾಣವನ್ನೂ ತೆರುತ್ತಾಳೆ. ಮೊದಲು ಶ್ರೀಮತಿಯಾಗಿ ರಂಗಕ್ಕೆ ಬಂದವಳು ನಂದಲಾಲರ ಮಗಳು ಗೌರಿ.

ಕವಿ ತೀರಿಕೊಂಡದ್ದು 1941ರ ಆಗಸ್ಟಿನಲ್ಲಿ. ಈ ಗೋಡೆಗೆ ನಂದಲಾಲ್ ಕುಂಚ ಹಚ್ಚಿದ್ದು 1942ರಲ್ಲಿ. ಗೆಳೆಯನ ಮಾತು, ಮಗಳ ಹೆಜ್ಜೆ, ಎರಡೂ ಆ ಗೆರೆಯಲ್ಲಿವೆ ಎಂದುಕೊಂಡು ನೋಡುತ್ತ ನಿಂತಾಗ ನನಗೆ ಗಂಟಲು ಕಟ್ಟಿತು. ಅಲ್ಲಿಂದ ಬೇಗ ಹೊರಡಲಾಗಲಿಲ್ಲ.

ವಾಪಸು ಬರುತ್ತ 'ಸಹಜ ಪಾಠ' ಕೊಂಡೆ. 1930ರಲ್ಲಿ ಬಂದ ಅಕ್ಷರಮಾಲೆ. ಪದ್ಯ ರವೀಂದ್ರರದು, ಲಿನೋಲಿಯಂ ಹಾಳೆ ಕೊರೆದು ಒತ್ತಿದ ಕಪ್ಪು ಚಿತ್ರಗಳು ನಂದಲಾಲರದು. ಟೋಟೋ ಹುಡುಗನಿಗೆ ಮೊದಲ ಪುಟ ತೆರೆದು, ಅಕ್ಷರಗಳಿಗೆ ಅಂಗೈ ಅಡ್ಡ ಹಿಡಿದು, ಚಿತ್ರ ಮಾತ್ರ ತೋರಿಸಿದೆ. ಅವನು ಗಾಡಿ ನಿಲ್ಲಿಸಿ, ಪದ್ಯವನ್ನು ರಾಗವಾಗಿ ಹೇಳತೊಡಗಿದ.