ಮಾರ್ಚ್ 31ರ ರಾತ್ರಿ ಮತ್ತು ಒಂದು ಜಿಬಿ ಸ್ವಾಪ್

2004ರ ಮಾರ್ಚ್ 31. ಮೈಸೂರಿನ ಒಂದು ಸಂಸ್ಥೆಯಲ್ಲಿ ಸಿಸ್ಟಂ ಅಡ್ಮಿನ್ ಆಗಿ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ವರ್ಷಾಂತ್ಯದ ಲೆಕ್ಕಪತ್ರವೆಲ್ಲ ಸೋಲಾರಿಸ್ 8 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ್ದ ಒಂದು ಸನ್ ಅಲ್ಟ್ರಾ 10 ಯಂತ್ರದಲ್ಲಿ ನಡೆಯುತ್ತಿತ್ತು. ಅದರ ಮೆಮೊರಿ 512 ಎಂಬಿ, ಮೆಮೊರಿ ಸಾಲದಾದಾಗ ಅದರ ಬದಲಿಗೆ ಬಳಸುವ ಸ್ವಾಪ್‌ಗೆಂದು ಡಿಸ್ಕಿನಲ್ಲಿ ಬಿಟ್ಟಿದ್ದ ಜಾಗವೂ ಅಷ್ಟೇ. ರಾತ್ರಿ ಎಂಟೂವರೆಯ ಹೊತ್ತಿಗೆ ಲೆಡ್ಜರ್ ಮುಗಿಸುವ ಪ್ರೋಗ್ರಾಂ ಅರ್ಧಕ್ಕೆ ನಿಂತು, ಪರದೆಯ ಮೇಲೆ ‘ನಾಟ್ ಎನಫ್ ಸ್ಪೇಸ್’ ಎಂಬ ಸಂದೇಶ ಮೂಡಿತು.

ಜಾಗ ಸಾಲದು ಎಂದರೆ ಡಿಸ್ಕ್ ತುಂಬಿದೆಯೆಂದೇ ನಾನು ತಿಳಿದೆ. ಅದನ್ನು ನೋಡೋಣವೆಂದು ‘ಡಿಎಫ್’ ಕಮಾಂಡ್ ಒತ್ತಿದರೆ ಅದೂ ಓಡಲಿಲ್ಲ, ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’ ಕೂಡ ಓಡಲಿಲ್ಲ. ಗಾಬರಿಯಿಂದ ನಮ್ಮ ಹಿರಿಯ ಸಹೋದ್ಯೋಗಿಯ ಮನೆಗೆ ಫೋನ್ ಮಾಡಿದೆ.

“ಅದು ಡಿಸ್ಕ್ ಅಲ್ಲ ಕಣಪ್ಪ, ಮೆಮೊರಿ ಸಾಲ್ತಿಲ್ಲ. ಹೊಸ ಪ್ರೋಸೆಸ್, ಅಂದ್ರೆ ಓಡೋ ಪ್ರೋಗ್ರಾಂ, ಹುಟ್ಟೋಕೇ ಜಾಗ ಇಲ್ಲ. ಶೆಲ್ ಒಳಗೇ ಏನಿದೆಯೋ ಅದರಲ್ಲೇ ಕೆಲಸ ಮಾಡು” ಎಂದರು.

ಶೆಲ್ ಎಂದರೆ ನಾವು ಒತ್ತುವ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ. ಕನ್ಸೋಲ್‌ನಲ್ಲಿ ಎಲ್ಲ ಅಧಿಕಾರವಿರುವ ರೂಟ್ ಶೆಲ್ ಒಂದು ಮೊದಲೇ ತೆರೆದಿದ್ದುದು ಪುಣ್ಯ. ‘ಎಕೋ’ ಹೊಸ ಪ್ರೋಸೆಸ್ ಬೇಡದ, ಶೆಲ್‌ನದೇ ಕಮಾಂಡ್ ಆದ್ದರಿಂದ, ಅದರ ಮುಂದೆ ಟೆಂಪ್ ಡೈರೆಕ್ಟರಿಯ ಹೆಸರನ್ನೂ ನಕ್ಷತ್ರ ಚಿಹ್ನೆಯನ್ನೂ ಕೊಟ್ಟಾಗ ಅಲ್ಲಿನ ಕಡತಗಳ ಹೆಸರುಗಳು ಸಾಲಾಗಿ ಬಂದವು. ಹಿಂದಿನ ತಿಂಗಳುಗಳ ವರದಿಗಾಗಿ ಬರೆದು, ಯಾರೂ ಅಳಿಸದೆ ಬಿಟ್ಟಿದ್ದ ತಾತ್ಕಾಲಿಕ ಕಡತಗಳೇ ಅಲ್ಲಿ ರಾಶಿ ಬಿದ್ದಿದ್ದವು. ಸೋಲಾರಿಸ್‌ನಲ್ಲಿ ಟೆಂಪ್ ಡೈರೆಕ್ಟರಿ ಇರುವುದು ಮೆಮೊರಿ ಮತ್ತು ಸ್ವಾಪ್‌ನ ಮೇಲೆಯೇ ಹೊರತು ಡಿಸ್ಕಿನ ಸಾಮಾನ್ಯ ಭಾಗದಲ್ಲಲ್ಲ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ಕ್ಷಣದಲ್ಲಿ. ಕಡತ ಅಳಿಸುವ ‘ಆರ್‌ಎಂ’ ಓಡುವಂತಿರಲಿಲ್ಲ, ಆದ್ದರಿಂದ ಗ್ರೇಟರ್ ದ್ಯಾನ್ ಚಿಹ್ನೆ ಹಾಕಿ, ಅದರ ಮುಂದೆ ಕಡತದ ಹೆಸರು ಬರೆದು, ಬೇಡವಾದ ಎರಡು ದೊಡ್ಡ ಕಡತಗಳನ್ನು ಬರಿದು ಮಾಡಿದೆ. ಯಂತ್ರಕ್ಕೆ ಉಸಿರು ಬಂತು.

ಆಮೇಲೆ ಹಿರಿಯರು ಹೇಳಿದಂತೆ, ಸ್ವಾಪ್ ಜಾಗಗಳ ಪಟ್ಟಿ ಕೊಡುವ ‘ಸ್ವಾಪ್ -ಎಲ್’ ಕೊಟ್ಟು ನೋಡಿದರೆ, ಸ್ವಾಪ್‌ನ ಅರ್ಧಕ್ಕಿಂತ ಹೆಚ್ಚು ಬ್ಲಾಕ್‌ಗಳು ಖಾಲಿ ಎಂದೇ ತೋರಿಸಿತು. ಕಾದಿರಿಸಿದ್ದನ್ನೂ ಸೇರಿಸಿ ಲೆಕ್ಕ ಹೇಳುವ ‘ಸ್ವಾಪ್ -ಎಸ್’ ಕೊಟ್ಟರೆ ಉಳಿದಿರುವುದು ಅಲ್ಪ ಎಂದಿತು. ಎರಡೂ ನಿಜವೇ. ಪ್ರೋಗ್ರಾಂ ಒಂದು ಮೆಮೊರಿ ಕೇಳಿದ ಕೂಡಲೇ, ಅದು ಇನ್ನೂ ಬಳಸಿರದಿದ್ದರೂ, ಸೋಲಾರಿಸ್ ಅಷ್ಟನ್ನು ಅದರ ಹೆಸರಿಗೆ ಕಾದಿರಿಸುತ್ತದೆ. ಕಾದಿರಿಸಲು ಇಲ್ಲದಿದ್ದರೆ ಆಗಲೇ ಇಲ್ಲವೆನ್ನುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಇದ್ದುದಕ್ಕಿಂತ ಹೆಚ್ಚು ಒಪ್ಪಿಕೊಂಡು, ಕೊನೆಗೆ ಕೈ ಕಟ್ಟಿದಾಗ ಯಾವುದಾದರೂ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಲೆಕ್ಕಪತ್ರದಂಥ ಕೆಲಸಕ್ಕೆ ಮುಂಚೆಯೇ ಇಲ್ಲವೆನ್ನುವ ಯಂತ್ರವೇ ಮೇಲೆಂದು ನಾನು ಇಂದಿಗೂ ನಂಬುತ್ತೇನೆ.

ಡಿಸ್ಕಿನ ಬೇರೊಂದು ಭಾಗದಲ್ಲಿ ಹಲವು ಜಿಬಿ ಖಾಲಿ ಇತ್ತು. ಅಲ್ಲಿ ಒಂದು ಜಿಬಿಯ ಸ್ವಾಪ್ ಕಡತ ಮಾಡಲು ‘ಎಂಕೆಫೈಲ್’ ಬಳಸಬೇಕಿತ್ತು. ಬೇಗ ಆಗಲೆಂದು ನಾನು ‘-ಎನ್’ ಸೇರಿಸಿದೆ. ಕಣ್ಣು ಮಿಟುಕಿಸುವುದರಲ್ಲಿ ಕಡತ ಸಿದ್ಧವಾಯಿತು. ಆದರೆ ಸ್ವಾಪ್‌ಗೆ ಜಾಗ ಸೇರಿಸುವ ‘ಸ್ವಾಪ್ -ಎ’ ಅದನ್ನು ಒಪ್ಪಲಿಲ್ಲ, ಕಡತದಲ್ಲಿ ರಂಧ್ರಗಳಿರಬಹುದು ಎಂದು ತಿರಸ್ಕರಿಸಿತು. ‘-ಎನ್’ ಕಡತದ ಅಳತೆಯನ್ನು ಬರೆದಿಡುತ್ತದೆಯೇ ಹೊರತು ಬ್ಲಾಕ್‌ಗಳನ್ನು ಹಂಚುವುದಿಲ್ಲ. ಸ್ವಾಪ್‌ಗೆ ಬೇಕಾದದ್ದು ನಿಜವಾಗಿ ಹಂಚಿಕೆಯಾದ ಜಾಗ. ಕಡತವನ್ನು ಅಳಿಸಿ, ‘-ಎನ್’ ಇಲ್ಲದೆ ಮತ್ತೆ ಮಾಡಿದೆ. ಈ ಸಲ ಡಿಸ್ಕ್ ಸೊನ್ನೆಗಳನ್ನು ಬರೆಯುತ್ತ ಗರಗರ ಸದ್ದು ಮಾಡುತ್ತಲೇ ಇತ್ತು, ನಾನು ಅದರ ಹಸಿರು ದೀಪವನ್ನೇ ನೋಡುತ್ತ ಕುಳಿತಿದ್ದೆ. ಮುಗಿದ ಮೇಲೆ ‘ಸ್ವಾಪ್ -ಎ’ ಸದ್ದಿಲ್ಲದೆ ಒಪ್ಪಿಕೊಂಡಿತು. ಪಟ್ಟಿಯ ಎರಡನೆಯ ಸಾಲಿನಲ್ಲಿ 2097136 ಬ್ಲಾಕ್‌ಗಳು. ಒಂದು ಬ್ಲಾಕ್‌ಗೆ 512 ಬೈಟ್, ಮೊದಲ 16 ಬ್ಲಾಕ್‌ಗಳನ್ನು ಬಿಟ್ಟು ಲೆಕ್ಕ ಸರಿಯಾಗಿತ್ತು. ಯಂತ್ರವನ್ನು ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ. ಲೆಡ್ಜರ್ ಮತ್ತೆ ಮೊದಲಿನಿಂದ ಓಡಿ ಬೆಳಗಿನ ಜಾವಕ್ಕೆ ಮುಗಿಯಿತು.

ಅಷ್ಟು ಮಾಡಿದರೂ ಆ ಸ್ವಾಪ್ ಉಳಿಯುತ್ತಿದ್ದುದು ಯಂತ್ರ ಮತ್ತೆ ಶುರುವಾಗುವವರೆಗೆ ಮಾತ್ರ. ಹೀಗಾಗಿ ಏಪ್ರಿಲ್ 4ರ ಭಾನುವಾರ, ಯಾರೂ ಕೆಲಸದಲ್ಲಿಲ್ಲದ ಹೊತ್ತಿನಲ್ಲಿ, ಯಂತ್ರ ಶುರುವಾಗುವಾಗ ಓದುವ ‘ವಿಎಫ್ಎಸ್‌ಟ್ಯಾಬ್’ ಕಡತದಲ್ಲಿ ಹೊಸ ಸ್ವಾಪ್‌ನ ಸಾಲನ್ನು ಬರೆದೆ. ಏಳು ಅಂಕಣಗಳ ಆ ಸಾಲಿನಲ್ಲಿ ಖಾಲಿ ಬಿಡಬೇಕಾದ ಕಡೆಯೂ ಅಡ್ಡಗೆರೆ ಇರಲೇಬೇಕಾದ್ದರಿಂದ ಮೂರು ಸಲ ಎಣಿಸಿದೆ. ಟೆಂಪ್ ಡೈರೆಕ್ಟರಿಯ ಸಾಲಿಗೆ 300 ಎಂಬಿಯ ಮಿತಿಯನ್ನೂ ಸೇರಿಸಿ ರೀಬೂಟ್ ಮಾಡಿದೆ. ಯಂತ್ರ ಎದ್ದ ಮೇಲೆ ‘ಸ್ವಾಪ್ -ಎಲ್’ ಎರಡು ಸಾಲು ತೋರಿಸಿತು. ಹಿರಿಯರಿಗೆ ಫೋನ್ ಮಾಡಿ ಎರಡನ್ನೂ ಓದಿ ಹೇಳಿದೆ.